‘ಆ್ಯರೋ’ ಒಳಗಿಂದ ‘ದಿ ಫ್ಲ್ಯಾಷ್’ ಹೊರಬಂದದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸೂಪರ್‌ಹೀರೋ ಸರಣಿಗಳ ಮಾತು ಬಂದಾಗಲೆಲ್ಲ ಗೆಳೆಯರು, ನೆಂಟರ ಮಕ್ಕಳು, ಪತ್ರ ಬರೆಯುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಅವರು ಕೇಳಿದ ಧಾಟಿಯಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಒಳಗಿನ ಕಥೆ. ಅಲ್ಲಲ್ಲಿ ಕಥೆಯ ಗುಟ್ಟು ಬಯಲಾಗುತ್ತದೆ, ಇನ್ನೂ ನೋಡದವರು ಹುಷಾರು.

## ಮೊದಲ ಪರಿಚಯ

‘ದಿ ಫ್ಲ್ಯಾಷ್’ ಸ್ವಂತ ಸರಣಿ ಅಲ್ವಾ? ಸ್ಪಿನ್‌ಆಫ್ ಅಂತ ಯಾಕೆ ಕರೀತಾರೆ?

ಅದರ ನಾಯಕ ಮೊದಲು ಕಾಣಿಸಿಕೊಂಡಿದ್ದು ಬೇರೆಯವರ ಮನೆಯಲ್ಲಿ, ಅದಕ್ಕೆ. ಅಮೆರಿಕದ ದಿ ಸಿಡಬ್ಲ್ಯೂ ಚಾನೆಲ್‌ನಲ್ಲಿ 2012ರ ಅಕ್ಟೋಬರ್ 10ರಂದು ‘ಆ್ಯರೋ’ ಶುರುವಾಯಿತು. ಅದು ಬಿಲ್ಲು ಬಾಣ ಹಿಡಿದು ಊರಿನ ಕೇಡಿಗಳನ್ನು ಹುಡುಕಿ ಹೊಡೆಯುವ ಶ್ರೀಮಂತ ಆಲಿವರ್ ಕ್ವೀನ್‌ನ ಕಥೆ. ಅದರ ಎರಡನೇ ಸೀಸನ್‌ಗೆ ಬ್ಯಾರಿ ಆಲನ್ ಅನ್ನೋ ಪೊಲೀಸ್ ಪ್ರಯೋಗಾಲಯದ ಹುಡುಗ ಅತಿಥಿಯಾಗಿ ಬಂದ, ಮುಂದೆ ಮಿಂಚಿನ ವೇಗದಲ್ಲಿ ಓಡುವ ಫ್ಲ್ಯಾಷ್ ಆಗುವವನು ಇವನೇ. 2014ರ ಅಕ್ಟೋಬರ್ 7ರಿಂದ ಅವನಿಗೇ ಒಂದು ಸರಣಿ ಆಯಿತು. ‘ಆ್ಯರೋ’ 8 ಸೀಸನ್, 170 ಎಪಿಸೋಡ್ ಓಡಿತು. ‘ದಿ ಫ್ಲ್ಯಾಷ್’ 9 ಸೀಸನ್, 184 ಎಪಿಸೋಡ್ ಓಡಿ 2023ರ ಮೇ 24ಕ್ಕೆ ಮುಗಿಯಿತು. ಮೂಲ ಸರಣಿಗಿಂತ ಅದರಿಂದ ಕವಲೊಡೆದದ್ದೇ ಜಾಸ್ತಿ ದಿನ ಬಾಳಿತು.

ಇದನ್ನು ಮಾಡಿದವರು ಯಾರು?

ಗ್ರೆಗ್ ಬರ್ಲಾಂಟಿ, ಆ್ಯಂಡ್ರೂ ಕ್ರೈಸ್‌ಬರ್ಗ್, ಜೆಫ್ ಜಾನ್ಸ್. ಮೊದಲಿನ ಇಬ್ಬರು ಮಾರ್ಕ್ ಗುಗೆನ್‌ಹೈಮ್ ಜೊತೆ ‘ಆ್ಯರೋ’ ಕಟ್ಟಿದವರು. ಜೆಫ್ ಜಾನ್ಸ್ ಕಾಮಿಕ್ಸ್ ಲೇಖಕರು. ಫ್ಲ್ಯಾಷ್ ಕಾಮಿಕ್ಸನ್ನು ವರ್ಷಗಟ್ಟಲೆ ಬರೆದು ಪಳಗಿದ ಕೈ. ಮೊದಲ ಎಪಿಸೋಡ್ ನಿರ್ದೇಶಿಸಿದವರು ಡೇವಿಡ್ ನಟರ್. ‘ಆ್ಯರೋ’ ಸರಣಿಯ ಮೊದಲ ಎಪಿಸೋಡ್ ಕೂಡ ಅವರದ್ದೇ.

ಕಾಮಿಕ್ಸ್ ಓದದೆ ನೋಡಿದರೆ ಅರ್ಥ ಆಗುತ್ತಾ?

ಆಗುತ್ತದೆ. ಒಂದು ವಿಷಯ ಮಾತ್ರ ತಿಳಿದಿರಲಿ. ಬ್ಯಾರಿ ಆಲನ್ ಕಾಮಿಕ್ಸ್‌ಗೆ ಬಂದದ್ದು 1956ರಲ್ಲಿ. ಆದರೆ ಅವನ ತಾಯಿಯ ಕೊಲೆಯಾಯಿತು, ತಪ್ಪು ಮಾಡದ ತಂದೆ ಜೈಲು ಸೇರಿದರು ಅನ್ನೋ ಕಥೆ ಆಗ ಇರಲೇ ಇಲ್ಲ. ಅದನ್ನು 2009ರಲ್ಲಿ ಸೇರಿಸಿದವರು ಇದೇ ಜೆಫ್ ಜಾನ್ಸ್. ಟಿವಿ ಸರಣಿಯ ಪೂರ್ತಿ ಭಾವನೆ ನಿಂತಿರುವುದು ಈ ಹೊಸ ಭಾಗದ ಮೇಲೆ. ಅದಿಲ್ಲದಿದ್ದರೆ ಬ್ಯಾರಿ ಸುಮ್ನೆ ಜೋರಾಗಿ ಓಡುವ ಒಳ್ಳೇ ಹುಡುಗ ಅಷ್ಟೇ. ವಾರ ವಾರ ಕೂತು ನೋಡುವುದಕ್ಕೆ ಅಷ್ಟು ಸಾಲದು.

ಸೆಂಟ್ರಲ್ ಸಿಟಿ ಅಂತ ನಿಜವಾದ ಊರು ಇದೆಯಾ? ಶೂಟಿಂಗ್ ಎಲ್ಲಿ?

ಅದು ಕಥೆಯಲ್ಲಿ ಬ್ಯಾರಿಯ ಊರು, ಕಾಲ್ಪನಿಕ. ಶೂಟಿಂಗ್ ಆಗಿದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ‘ಆ್ಯರೋ’ ಕೂಡ ಅಲ್ಲೇ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಚಿತ್ರೀಕರಣಕ್ಕೆ ತೆರಿಗೆ ರಿಯಾಯಿತಿ ಕೊಡುತ್ತದೆ. ಹಾಗಾಗಿ ಅಮೆರಿಕದ ಎಷ್ಟೋ ಸರಣಿಗಳು ಅಲ್ಲಿಗೆ ಹೋಗುತ್ತವೆ. ಎರಡೂ ಸರಣಿ ಒಂದೇ ಊರಿನಲ್ಲಿ ಇದ್ದದ್ದು ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅನ್ನೋದನ್ನು ಕ್ರಾಸ್‌ಓವರ್ ಪ್ರಶ್ನೆಯಲ್ಲಿ ನೋಡಿ.

## ಹುಟ್ಟಿದ ಬಗೆ

ಬ್ಯಾರಿ ಜನರಿಗೆ ಇಷ್ಟ ಆದ ಅಂತ ಸರಣಿ ಮಾಡಿದ್ರಾ, ಮೊದಲೇ ಪ್ಲಾನ್ ಇತ್ತಾ?

ಮೊದಲೇ ಇತ್ತು. 2013ರ ಜುಲೈ ಕೊನೆಯಲ್ಲೇ ಸುದ್ದಿ ಹೊರಬಿತ್ತು. ಬ್ಯಾರಿ ‘ಆ್ಯರೋ’ಗೆ ಬರುತ್ತಾನೆ, ಸರಿಹೋದರೆ ಅವನದೇ ಸರಣಿ ಆಗುತ್ತದೆ ಅಂತ. ಆಗ ಆ ಪಾತ್ರಕ್ಕೆ ನಟ ಕೂಡ ಸಿಕ್ಕಿರಲಿಲ್ಲ. ಗ್ರಾಂಟ್ ಗಸ್ಟಿನ್ ಆಯ್ಕೆಯಾಗಿದ್ದು ಸೆಪ್ಟೆಂಬರ್‌ನಲ್ಲಿ.

ಬ್ಯಾಕ್‌ಡೋರ್ ಪೈಲಟ್ ಅಂತಾರಲ್ಲ, ಅದೇನು? ಫ್ಲ್ಯಾಷ್ ಹಾಗೇ ಶುರುವಾಯ್ತಾ?

ಅಮೆರಿಕದ ಟಿವಿಯಲ್ಲಿ ಹೊಸ ಸರಣಿಗೆ ಮೊದಲು ಒಂದು ಮಾದರಿ ಎಪಿಸೋಡ್ ಮಾಡಿ ಚಾನೆಲ್‌ನವರಿಗೆ ತೋರಿಸುತ್ತಾರೆ. ಅದು ಪೈಲಟ್. ಅದಕ್ಕೆ ಬೇರೆ ದುಡ್ಡು ಬೇಕು. ಚಾನೆಲ್ ಬೇಡ ಅಂದರೆ ಆ ದುಡ್ಡು ಹೋದಂತೆಯೇ. ಬ್ಯಾಕ್‌ಡೋರ್ ಪೈಲಟ್‌ನಲ್ಲಿ ಆ ಅಪಾಯ ಕಡಿಮೆ. ಈಗಾಗಲೇ ಓಡುತ್ತಿರುವ ಸರಣಿಯ ಒಂದು ಎಪಿಸೋಡನ್ನೇ ಹೊಸ ಪಾತ್ರಗಳಿಗೆ ಬಿಟ್ಟುಕೊಡುತ್ತಾರೆ. ಹೊಸ ಸರಣಿ ಆಗಲಿಲ್ಲ ಅಂದರೂ ಎಪಿಸೋಡ್ ಹೇಗೂ ಪ್ರಸಾರ ಆಗುತ್ತದೆ.

ಫ್ಲ್ಯಾಷ್‌ಗೂ ಇದೇ ಲೆಕ್ಕ ಇತ್ತು. ‘ಆ್ಯರೋ’ ಎರಡನೇ ಸೀಸನ್‌ನ 8, 9 ಮತ್ತು 20ನೇ ಎಪಿಸೋಡ್‌ಗಳಲ್ಲಿ ಬ್ಯಾರಿ ಬರಬೇಕು, ಆ 20ನೆಯದೇ ಬ್ಯಾಕ್‌ಡೋರ್ ಪೈಲಟ್ ಆಗಬೇಕು ಅಂತ. ಆದರೆ ಬ್ಯಾರಿಯ ಮೊದಲ ಎರಡು ಎಪಿಸೋಡ್‌ಗಳ ಕೆಲಸ ಚಾನೆಲ್‌ನವರಿಗೆ ಹಿಡಿಸಿತು. ಅವು ಇನ್ನೂ ಪ್ರಸಾರವೇ ಆಗಿರಲಿಲ್ಲ. 2013ರ ನವೆಂಬರ್‌ನಲ್ಲಿ ಯೋಜನೆ ಬದಲಾಯಿತು. 20ನೇ ಎಪಿಸೋಡ್ ಬೇಡ, ಫ್ಲ್ಯಾಷ್‌ಗೆ ತನ್ನದೇ ಪೈಲಟ್ ಇರಲಿ ಅಂದರು. 2014ರ ಜನವರಿ ಕೊನೆಯಲ್ಲಿ ಅಧಿಕೃತ ಒಪ್ಪಿಗೆ ಸಿಕ್ಕಿತು. ಮಾರ್ಚ್‌ನಲ್ಲಿ ಶೂಟಿಂಗ್, ಮೇ 8ಕ್ಕೆ ಪೂರ್ತಿ ಸರಣಿಗೆ ಆದೇಶ.

ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ. ‘ಆ್ಯರೋ’ ಎಪಿಸೋಡ್ ಒಳಗೇ ಮಾಡಿದ್ದರೆ ಖರ್ಚು ‘ಆ್ಯರೋ’ದ್ದೇ ಆಗಿರುತ್ತಿತ್ತು, ಬೆಳಕು ಅದರ ಹಾಗೆ ಕತ್ತಲು ಕತ್ತಲಾಗಿ ಇರುತ್ತಿತ್ತು, ಆಲಿವರ್ ಕ್ವೀನ್‌ಗೂ ಅರ್ಧ ಹೊತ್ತು ಕೊಡಬೇಕಾಗುತ್ತಿತ್ತು. ತನ್ನದೇ ಪೈಲಟ್ ಸಿಕ್ಕಿದ್ದರಿಂದ ಫ್ಲ್ಯಾಷ್‌ಗೆ ಬಣ್ಣ ಬಂತು, ನಗು ಬಂತು. ಅಪ್ಪ ಮಗನ ಕಥೆ ಹೇಳಲು ಪುರುಸೊತ್ತೂ ಸಿಕ್ಕಿತು.

‘ಆ್ಯರೋ’ದಲ್ಲಿ ಯಾರಿಗೂ ಶಕ್ತಿ-ಗಿಕ್ತಿ ಇರಲಿಲ್ಲ. ಅಲ್ಲಿಂದ ಗಾಳಿಗಿಂತ ವೇಗದ ಹುಡುಗ ಹೇಗೆ ಹುಟ್ಟಿದ?

ಬರಹಗಾರರಿಗೆ ತಲೆನೋವಾಗಿದ್ದು ಇದೇ. ‘ಆ್ಯರೋ’ ಶುರುವಾದಾಗ ತಂಡ ಒಂದು ಗೆರೆ ಹಾಕಿಕೊಂಡಿತ್ತು: ಸೂಪರ್‌ಪವರ್ ಬೇಡ, ಎಲ್ಲವೂ ನೆಲದ ಮೇಲೆ ನಡೆಯಲಿ. ಮೊದಲ ಸೀಸನ್ ಹಾಗೇ ಹೋಯಿತು.

ಗೆರೆಯನ್ನು ಅವರು ಒಂದೇ ಸಲಕ್ಕೆ ದಾಟಲಿಲ್ಲ. ಎರಡನೇ ಸೀಸನ್‌ನಲ್ಲಿ ಮಿರಾಕುರು ಅನ್ನೋ ಔಷಧಿ ತಂದರು. ಚುಚ್ಚಿಸಿಕೊಂಡವನಿಗೆ ರಾಕ್ಷಸ ಬಲ ಬರುತ್ತದೆ, ಜೊತೆಗೆ ತಲೆಯೂ ಕೆಡುತ್ತದೆ. ಬ್ಯಾರಿ ಮೊದಲ ಸಲ ‘ಆ್ಯರೋ’ ಊರಿಗೆ ಬರುವುದೇ ಅಂಥ ಬಲದವನೊಬ್ಬ ಮಾಡಿದ ಕಳ್ಳತನವನ್ನು ಹುಡುಕಿಕೊಂಡು. ಎಲ್ಲರೂ ನಂಬದೆ ನಗುವಾಗ ನಂಬುವವನು ಅವನೊಬ್ಬನೇ. ಯಾಕೆಂದರೆ ಚಿಕ್ಕಂದಿನಲ್ಲಿ ತಾಯಿ ಸತ್ತ ರಾತ್ರಿ ಅವನು ಅಂಥದ್ದೊಂದನ್ನು ಕಣ್ಣಾರೆ ನೋಡಿದ್ದಾನೆ. ಹೀಗೆ ‘ಆ್ಯರೋ’ ಕಥೆಯ ಕೊಂಡಿಯೂ ಬ್ಯಾರಿಯ ಸ್ವಂತ ನೋವೂ ಒಂದೇ ದಾರದಲ್ಲಿ ಬಂದವು.

ಎರಡು ಎಪಿಸೋಡ್ ಪೂರ್ತಿ ಅವನಿಗೆ ಯಾವ ಶಕ್ತಿಯೂ ಇಲ್ಲ. ತಡವಾಗಿ ಬರುತ್ತಾನೆ, ರೈಲು ತಪ್ಪಿಸಿಕೊಳ್ಳುತ್ತಾನೆ. ಎರಡನೆಯದರ ಕೊನೆಯಲ್ಲಿ ಸೆಂಟ್ರಲ್ ಸಿಟಿಯ ಪಾರ್ಟಿಕಲ್ ಆ್ಯಕ್ಸಿಲರೇಟರ್ (ಅತಿ ಸಣ್ಣ ಕಣಗಳನ್ನು ಭಾರಿ ವೇಗದಲ್ಲಿ ಓಡಿಸುವ ಯಂತ್ರ) ಸಿಡಿದು ಅವನಿಗೆ ಸಿಡಿಲು ಬಡಿಯುತ್ತದೆ. ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಬ್ಯಾರಿ ಕಥೆಯಲ್ಲಿ ತಿಂಗಳುಗಟ್ಟಲೆ ಕೋಮಾದಲ್ಲಿ ಮಲಗಿರುತ್ತಾನೆ. ಇತ್ತ ತಂಡಕ್ಕೆ ಪೈಲಟ್ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಆ ಒಂದೇ ಸ್ಫೋಟ ಇನ್ನೊಂದು ಕೆಲಸವನ್ನೂ ಮಾಡಿತು. ಊರಿನ ಎಷ್ಟೋ ಜನರಿಗೆ ಅದರಿಂದಲೇ ಶಕ್ತಿ ಬಂತು ಅಂದುಬಿಟ್ಟರೆ ವಾರಕ್ಕೊಬ್ಬ ವಿಲನ್ ತಯಾರು. ಬುದ್ಧಿವಂತಿಕೆ ಅಂದರೆ ಇದು. ಸ್ವಲ್ಪ ಸೋಮಾರಿತನವೂ ಹೌದು. ಮೊದಲ ಸೀಸನ್‌ನ ಕೆಲವು ವಿಲನ್‌ಗಳು ಮಾರನೇ ದಿನ ನೆನಪೂ ಇರುವುದಿಲ್ಲ.

ಗ್ರಾಂಟ್ ಗಸ್ಟಿನ್ ಅಷ್ಟು ಸಣಕಲು. ಕಾಮಿಕ್ಸ್‌ನ ಬ್ಯಾರಿ ದಪ್ಪ ಭುಜದ, ಹೊಂಬಣ್ಣದ ಕೂದಲಿನವನು. ಯಾಕೆ ಇವರನ್ನೇ ತಗೊಂಡ್ರು?

ಆಯ್ಕೆಯಾದಾಗ ಈ ಗೊಣಗಾಟ ಜೋರಾಗೇ ಇತ್ತು. ಗಸ್ಟಿನ್ ಅದಕ್ಕೆ ಮುಂಚೆ ಗೊತ್ತಿದ್ದದ್ದು ‘ಗ್ಲೀ’ ಸರಣಿಯ ಹಾಡುವ, ಕುಣಿಯುವ ಸೆಬಾಸ್ಟಿಯನ್ ಆಗಿ. ಆದರೆ ‘ಆ್ಯರೋ’ ಪಕ್ಕ ನಿಲ್ಲಬೇಕಾದವನು ಇನ್ನೊಬ್ಬ ಕಟ್ಟುಮಸ್ತಿನ ಗಂಭೀರ ಮನುಷ್ಯ ಆಗಿದ್ದರೆ ಏನು ಪ್ರಯೋಜನ? ಆಲಿವರ್ ಪಾತ್ರದ ಸ್ಟೀಫನ್ ಅಮೆಲ್ ಆ ಕೆಲಸ ಮಾಡುತ್ತಲೇ ಇದ್ದರು. ತೊದಲುತ್ತಾ, ಖುಷಿಯಾದರೆ ಮುಚ್ಚಿಡಲಾರದ ಹುಡುಗ ಬೇಕಿತ್ತು. ಜೆಸ್ಸಿ ಎಲ್. ಮಾರ್ಟಿನ್ ಮಾಡಿದ ಸಾಕುತಂದೆ ಜೋ ವೆಸ್ಟ್ ಎದುರು ಗಸ್ಟಿನ್ ಅಳುವ ದೃಶ್ಯ ಯಾವುದಾದರೂ ಒಂದು ನೋಡಿ, ಗೊಣಗಾಟ ನಿಲ್ಲುತ್ತದೆ.

ಸಿಸ್ಕೋ, ಕೇಟ್ಲಿನ್ ಕೂಡ ‘ಆ್ಯರೋ’ದಲ್ಲೇ ಮೊದಲು ಬಂದ್ರಂತೆ, ನಿಜಾನಾ?

ನಿಜ. ಎರಡನೇ ಸೀಸನ್‌ನ 19ನೇ ಎಪಿಸೋಡ್. ಬ್ಯಾರಿ ಅದರಲ್ಲಿ ಇಲ್ಲ, ಇನ್ನೂ ಕೋಮಾದಲ್ಲಿದ್ದಾನೆ. ಮುಂದೆ ಬ್ಯಾರಿಗೆ ಜೊತೆಯಾಗುವ ಈ ಇಬ್ಬರು ವಿಜ್ಞಾನಿಗಳಾಗಿ ಕಾರ್ಲೋಸ್ ವಾಲ್ಡೆಸ್ ಮತ್ತು ಡ್ಯಾನಿಯಲ್ ಪನಬೇಕರ್ ಬಂದು ಮುಖ ತೋರಿಸಿ ಹೋಗುತ್ತಾರೆ.

## ತಯಾರಿ ಮನೆಯಲ್ಲಿ

ಆ ಕೆಂಪು ಡ್ರೆಸ್ ಮಾಡಿದ್ದು ಯಾರು? ಸೀಸನ್‌ಗೊಂದು ಸಲ ಬದಲಾಗೋದು ಯಾಕೆ?

ಮೊದಲ ಸೂಟ್ ವಿನ್ಯಾಸ ಕೊಲೀನ್ ಆ್ಯಟ್‌ವುಡ್ ಅವರದ್ದು. ಆಸ್ಕರ್ ಗೆದ್ದ ವಸ್ತ್ರವಿನ್ಯಾಸಕಿ. ‘ಆ್ಯರೋ’ ಹಸಿರು ಸೂಟ್ ಕೂಡ ಅವರದ್ದೇ. ಮಿರಿಮಿರಿ ಕೆಂಪಿನ ಬದಲು ಗಾಢ ಕೆಂಪು ಆರಿಸಿಕೊಂಡರು. ಕಥೆಯಲ್ಲಿ ಅದು ಅಗ್ನಿಶಾಮಕ ಸಿಬ್ಬಂದಿಗಾಗಿ ಸಿಸ್ಕೋ ಮಾಡಿದ ಉಡುಪು. ಆ ವೇಗಕ್ಕೆ ಮಾಮೂಲಿ ಬಟ್ಟೆ ಹೊತ್ತಿ ಉರಿಯುತ್ತದೆ, ಇದಾದರೆ ತಡೆದುಕೊಳ್ಳುತ್ತದೆ.

ಬದಲಾವಣೆಗಳಿಗೂ ಕಥೆಯ ನೆಪ ಹುಡುಕುತ್ತಿದ್ದರು. ಎದೆಯ ಮೇಲಿನ ಮಿಂಚಿನ ಗುರುತಿನ ಹಿಂದೆ ಮೊದಲು ಕೆಂಪು ಇತ್ತು. ಎರಡನೇ ಸೀಸನ್‌ಗೆ ಬಿಳಿ ಮಾಡಿದರು. 5ನೇ ಸೀಸನ್‌ನಲ್ಲಿ ಗಲ್ಲದ ಪಟ್ಟಿ ಇಲ್ಲದ ಸೂಟ್ ಬಂತು, ಅಭಿಮಾನಿಗಳು ಮುಖ ಸಿಂಡರಿಸಿದರು. ಮುಂದಿನ ಸೀಸನ್‌ಗೆ ಮತ್ತೆ ಹೊಸ ಸೂಟ್. ಕಾಮಿಕ್ಸ್‌ನ ಚಿನ್ನದ ಬಣ್ಣದ ಬೂಟು ಬರಲು 8ನೇ ಸೀಸನ್‌ವರೆಗೆ ಕಾಯಬೇಕಾಯಿತು!

ಅಷ್ಟು ವೇಗವಾಗಿ ಓಡೋದನ್ನು ಹೇಗೆ ತೋರಿಸುತ್ತಿದ್ರು? ಟಿವಿ ಬಜೆಟ್‌ನಲ್ಲಿ ಆಗುತ್ತಾ?

ಗ್ರಾಫಿಕ್ಸ್ ಕೆಲಸ ಎನ್‌ಕೋರ್ ಸಂಸ್ಥೆಯದ್ದು, ಅದರ ಮುಖ್ಯಸ್ಥರಾಗಿದ್ದವರು ಆರ್ಮನ್ ಕೆವೋರ್ಕಿಯನ್. ಉದ್ದನೆಯ ಓಟ ಬಂದಾಗ ತೆರೆಯ ಮೇಲೆ ಇರುವುದು ಗಸ್ಟಿನ್ ಅಲ್ಲ, ಕಂಪ್ಯೂಟರ್‌ನಲ್ಲಿ ಕಟ್ಟಿದ ಅವರ ಪ್ರತಿರೂಪ. ನಿಜವಾದ ಬೀದಿಯ ದೃಶ್ಯದೊಳಗೆ ಅದನ್ನು ಕೂರಿಸಿ, ಹಿಂದೆ ಮಿಂಚಿನ ಗೆರೆ ಎಳೆಯುತ್ತಾರೆ. ಹತ್ತಿರದ ಮುಖ ಬೇಕಾದಾಗ ಮಾತ್ರ ನಟರು.

ದುಡ್ಡು ಉಳಿಸಲು ಒಂದು ಒಳ್ಳೇ ದಾರಿ ಇತ್ತು, ಅದನ್ನು ಅವರು ಚೆನ್ನಾಗಿ ಬಳಸಿಕೊಂಡರು. ಬ್ಯಾರಿಯ ಕಣ್ಣಿನಿಂದ ನೋಡಿದರೆ ಲೋಕವೇ ನಿಂತುಬಿಡಬೇಕು ಅಲ್ವಾ? ಹಾಗಾಗಿ ಉಳಿದವರು ಕದಲದೆ ನಿಲ್ಲುತ್ತಾರೆ, ಗಾಳಿಯಲ್ಲಿ ನಿಂತ ಕಾಫಿ ಹನಿಯೋ ಗುಂಡೋ ಮಾತ್ರ ಗ್ರಾಫಿಕ್ಸ್. ನೋಡಲು ಓಟಕ್ಕಿಂತ ಇದೇ ಚಂದ.

ನಿಜವಾಗಿ ಜೇಬು ಕಚ್ಚುತ್ತಿದ್ದದ್ದು ಗೊರಿಲ್ಲಾ ಗ್ರಾಡ್ ಮತ್ತು ಕಿಂಗ್ ಶಾರ್ಕ್. ಒಬ್ಬ ಗೊರಿಲ್ಲಾ, ಇನ್ನೊಬ್ಬ ಶಾರ್ಕ್ ಮನುಷ್ಯ, ಇಬ್ಬರೂ ಕಂಪ್ಯೂಟರ್‌ನಲ್ಲಿ ಕಟ್ಟಿದವರು. ಮೊದಲ ಎಪಿಸೋಡ್‌ನಲ್ಲೇ ಗ್ರಾಡ್ ಹೆಸರಿನ ಮುರಿದ ಬೋನು ಕಾಣಿಸುತ್ತದೆ. ಆದರೆ ಅವನಿಗೇ ಮೀಸಲಾದ ಎಪಿಸೋಡ್ ಬಂದದ್ದು 21ನೆಯದು. ಅವರಿಬ್ಬರ ಜಗಳ ನೋಡಲು 5ನೇ ಸೀಸನ್‌ವರೆಗೆ ಕಾಯಬೇಕಾಯಿತು.

ಬ್ಯಾರಿಯ ಅಪ್ಪನ ಪಾತ್ರ ಮಾಡಿದವರೇ ಹಳೇ ಫ್ಲ್ಯಾಷ್ ಅಂತೆ?

ಹೌದು, ಜಾನ್ ವೆಸ್ಲಿ ಶಿಪ್. 1990ರಲ್ಲಿ ಸಿಬಿಎಸ್ ಚಾನೆಲ್‌ನಲ್ಲಿ ಒಂದೇ ಸೀಸನ್ ಓಡಿದ ಫ್ಲ್ಯಾಷ್ ಸರಣಿಯ ಬ್ಯಾರಿ ಅವರೇ. ಆ ಸರಣಿಯ ಅಮಾಂಡಾ ಪೇಸ್ ಅಲ್ಲಿನ ತಮ್ಮ ಪಾತ್ರದ ಹೆಸರಿನಲ್ಲೇ ವಿಜ್ಞಾನಿಯಾಗಿ ಮರಳಿದರು. ಟ್ರಿಕ್‌ಸ್ಟರ್ ಅನ್ನೋ ವಿಲನ್ ಆಗಿದ್ದ ಮಾರ್ಕ್ ಹ್ಯಾಮಿಲ್ ಮತ್ತೆ ಟ್ರಿಕ್‌ಸ್ಟರ್ ಆದರು. ಸುಮ್ನೆ ಮುಖ ತೋರಿಸುವ ಅತಿಥಿ ಪಾತ್ರ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಶಿಪ್ ಅವರಿಗೆ ಮುಂದೆ ಇನ್ನೊಂದು ಭೂಮಿಯ ಫ್ಲ್ಯಾಷ್ ಜೇ ಗ್ಯಾರಿಕ್ ಆಗಿ ಮತ್ತೆ ಸೂಟ್ ತೊಡುವ ಅವಕಾಶವೂ ಸಿಕ್ಕಿತು.

ಸಂಗೀತ?

ಬ್ಲೇಕ್ ನೀಲಿ. ‘ಆ್ಯರೋ’ ಸಂಗೀತವೂ ಅವರದ್ದೇ.

## ಇನ್ನೂ ಒಳಗೆ

ಕ್ರಾಸ್‌ಓವರ್ ಅಂದ್ರೆ ನಮ್ಮ ಧಾರಾವಾಹಿಗಳ ಮಹಾಸಂಗಮದ ಹಾಗೇನಾ? ಶೂಟಿಂಗ್ ಹೇಗೆ ಹೊಂದಿಸುತ್ತಿದ್ರು?

ಹೆಚ್ಚುಕಮ್ಮಿ ಹಾಗೇ. ನಮ್ಮಲ್ಲಿ ಎರಡು ಸೀರಿಯಲ್ ಮನೆಯವರು ಒಂದು ಮದುವೆಗೋ ಹಬ್ಬಕ್ಕೋ ಸೇರಿದಂತೆ ಅಲ್ಲಿ ಊರು ಉಳಿಸಲು ಸೇರುತ್ತಾರೆ. ಮೊದಲ ದೊಡ್ಡ ಜೋಡಿ ಬಂದದ್ದು 2014ರ ಡಿಸೆಂಬರ್ 2 ಮತ್ತು 3ಕ್ಕೆ. ಮಂಗಳವಾರ ಫ್ಲ್ಯಾಷ್, ಬುಧವಾರ ಆ್ಯರೋ. ಎರಡೂ ಎಪಿಸೋಡ್ ತಮ್ಮಷ್ಟಕ್ಕೇ ಮುಗಿಯುತ್ತವೆ. ಒಂದನ್ನೇ ನೋಡಿದವರಿಗೂ ನಷ್ಟ ಇಲ್ಲ.

ಕಷ್ಟ ಇದ್ದದ್ದು ವೇಳಾಪಟ್ಟಿಯಲ್ಲಿ. ನಾಯಕ ನಟ ತನ್ನ ಸರಣಿಯಲ್ಲಿ ಹೆಚ್ಚುಕಮ್ಮಿ ದಿನವೂ ಬೇಕು. ಅವನನ್ನು ಪಕ್ಕದ ಸೆಟ್‌ಗೆ ಕಳಿಸಿದರೆ ಇಲ್ಲಿ ಅವನಿಲ್ಲದ ದೃಶ್ಯಗಳನ್ನು ಹೊಂದಿಸಬೇಕು. ಎಲ್ಲರೂ ವ್ಯಾಂಕೂವರ್‌ನಲ್ಲೇ ಇದ್ದದ್ದರಿಂದ ಬಚಾವಾದರು. ಸರಣಿಗಳ ಸಂಖ್ಯೆ ಜಾಸ್ತಿಯಾದಂತೆ ಒತ್ತಡವೂ ಜಾಸ್ತಿಯಾಯಿತು. 2016ರ ಕ್ರಾಸ್‌ಓವರನ್ನು ನಾಲ್ಕು ಸರಣಿಗಳದ್ದು ಅಂತ ಡಂಗುರ ಹೊಡೆದರು. ನೋಡಿದರೆ ‘ಸೂಪರ್‌ಗರ್ಲ್’ ಎಪಿಸೋಡ್‌ನಲ್ಲಿ ಅದು ಬರುವುದು ಕೊನೆಯ ದೃಶ್ಯದಲ್ಲಿ ಮಾತ್ರ. ಮೇಲಾಗಿ ಅದರ ನಡುವೆಯೇ ‘ಆ್ಯರೋ’ಗೆ 100ನೇ ಎಪಿಸೋಡ್ ಸಂಭ್ರಮ ಬೇರೆ. 2019ರ ಡಿಸೆಂಬರ್‌ನಿಂದ 2020ರ ಜನವರಿವರೆಗೆ ಬಂದ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ತ್ಸ್’ ಐದು ಸರಣಿಗಳ ಐದು ಎಪಿಸೋಡ್. ಆಮೇಲೆ ಅಷ್ಟು ದೊಡ್ಡದಕ್ಕೆ ಅವರು ಕೈಹಾಕಲಿಲ್ಲ.

‘ಸೂಪರ್‌ಗರ್ಲ್’ ಮೊದಲು ಬೇರೆ ಚಾನೆಲ್‌ನಲ್ಲಿತ್ತು. ಆಗಲೇ ಫ್ಲ್ಯಾಷ್ ಹೇಗೆ ಹೋದ?

2015ರಲ್ಲಿ ‘ಸೂಪರ್‌ಗರ್ಲ್’ ಶುರುವಾಗಿದ್ದು ಸಿಬಿಎಸ್‌ನಲ್ಲಿ, ಶೂಟಿಂಗ್ ಲಾಸ್ ಏಂಜಲೀಸ್‌ನಲ್ಲಿ. ಆದರೆ ತಯಾರಕರು ಅವರೇ, ಬರ್ಲಾಂಟಿ ಮತ್ತು ವಾರ್ನರ್ ಬ್ರದರ್ಸ್. ದಿ ಸಿಡಬ್ಲ್ಯೂ ಚಾನೆಲ್‌ನಲ್ಲಿ ಸಿಬಿಎಸ್‌ಗೂ ಆಗ ಅರ್ಧ ಪಾಲಿತ್ತು. ಹಾಗಾಗಿ 2016ರ ಮಾರ್ಚ್ 28ರಂದು ಬ್ಯಾರಿ ಇನ್ನೊಂದು ಭೂಮಿಯಿಂದ ಓಡಿಬಂದ ಅಂತ ಕಥೆ ಕಟ್ಟಿ ಕಳಿಸಿದರು. ಎರಡನೇ ಸೀಸನ್‌ಗೆ ಸೂಪರ್‌ಗರ್ಲ್ ಚಾನೆಲ್ ಬದಲಿಸಿ ವ್ಯಾಂಕೂವರ್‌ಗೆ ಗಂಟುಮೂಟೆ ಕಟ್ಟಿತು.

ಇದೇ ದಾರಿಯಲ್ಲಿ ಬೇರೆ ಸ್ಪಿನ್‌ಆಫ್ ಮಾಡಲು ಹೋಗಿ ಸೋತದ್ದು ಇದೆಯಾ?

ಇದೆ, ಮತ್ತು ಹೋಲಿಸಿ ನೋಡಿದರೆ ಮಜಾ ಇದೆ. ‘ಆ್ಯರೋ’ ಕೊನೆಯ ಸೀಸನ್‌ನಲ್ಲಿ, ಮುಕ್ತಾಯಕ್ಕೆ ಒಂದೇ ಎಪಿಸೋಡ್ ಬಾಕಿ ಇರುವಾಗ, ‘ಗ್ರೀನ್ ಆ್ಯರೋ ಆ್ಯಂಡ್ ದಿ ಕನೇರೀಸ್’ ಅಂತ ಬ್ಯಾಕ್‌ಡೋರ್ ಪೈಲಟ್ ಮಾಡಿದರು. ಚಾನೆಲ್ ಒಂದು ವರ್ಷ ಕಾಯಿಸಿ 2021ರ ಜನವರಿಯಲ್ಲಿ ಬೇಡ ಅಂದಿತು. ಅದೇ ವರ್ಷ ಏಪ್ರಿಲ್‌ನಲ್ಲಿ ‘ಬ್ಲ್ಯಾಕ್ ಲೈಟ್ನಿಂಗ್’ ಅನ್ನೋ ಇನ್ನೊಂದು ಸರಣಿಯ ಒಳಗೆ ‘ಪೇನ್‌ಕಿಲ್ಲರ್’ ಪೈಲಟ್ ಬಂತು, ಅದೂ ಮುಂದೆ ಹೋಗಲಿಲ್ಲ.

ಗೆದ್ದವು ಯಾವು ನೋಡಿ. ‘ಬ್ಯಾಟ್‌ವುಮನ್’ 2018ರ ಕ್ರಾಸ್‌ಓವರ್‌ನಲ್ಲಿ ಅತಿಥಿಯಾಗಿ ಬಂದಳು, ಆಮೇಲೆ ತನ್ನದೇ ಪೈಲಟ್, 2019ರಲ್ಲಿ ಸರಣಿ. 2016ರ ‘ಲೆಜೆಂಡ್ಸ್ ಆಫ್ ಟುಮಾರೋ’ ಎರಡೂ ಸರಣಿಗಳಲ್ಲಿ ಜನ ಒಪ್ಪಿಕೊಂಡಿದ್ದ ಅತಿಥಿಗಳನ್ನು ಒಂದು ಹಡಗಿಗೆ ಹತ್ತಿಸಿತು. ಫ್ಲ್ಯಾಷ್‌ನ ವಿಲನ್‌ಗಳಾಗಿದ್ದ ವೆಂಟ್‌ವರ್ತ್ ಮಿಲ್ಲರ್, ಡೊಮಿನಿಕ್ ಪರ್ಸೆಲ್ ಅದರಲ್ಲಿ ಇದ್ದರು. ಮೊದಲು ಅತಿಥಿಯಾಗಿ ಬಂದು ಹೋಗಲಿ, ಮನೆ ಆಮೇಲೆ ಬೇರೆ ಕಟ್ಟೋಣ ಅನ್ನೋ ಫ್ಲ್ಯಾಷ್ ಕ್ರಮವೇ ಅಲ್ಲೂ ಇದೆ. ಚಾನೆಲ್‌ನ ಹಣದ ಪರಿಸ್ಥಿತಿಯೂ 2021ರ ಹೊತ್ತಿಗೆ ಮೊದಲಿನಂತೆ ಇರಲಿಲ್ಲ, ಅದನ್ನೂ ಮರೆಯಬಾರದು.

ಮೊದಲ ಎಪಿಸೋಡ್‌ನಲ್ಲಿ 2024ರ ಪೇಪರ್ ತೋರಿಸ್ತಾರೆ. ಹತ್ತು ವರ್ಷದ ಕಥೆ ಆಗಲೇ ಬರೆದಿಟ್ಟಿದ್ರಾ?

2024ರ ಏಪ್ರಿಲ್ 25ರ ಪೇಪರ್, ಫ್ಲ್ಯಾಷ್ ಕಾಣೆಯಾದ ಅನ್ನೋ ಸುದ್ದಿ. ಬರೆದಿಟ್ಟಿದ್ದರೆ ತಾರೀಖು ಬದಲಿಸುವ ಅಗತ್ಯ ಬರುತ್ತಿರಲಿಲ್ಲ. 5ನೇ ಸೀಸನ್ ಕೊನೆಯಲ್ಲಿ ಪೇಪರಿನ ತಾರೀಖು 2019ಕ್ಕೆ ಜಿಗಿಯಿತು, ಯಾಕೆಂದರೆ ‘ಆ್ಯರೋ’ ಮುಗಿಯುವ ಮುಂಚೆ ಆ ಸುದ್ದಿಯ ಹಿಂದಿನ ಘಟನೆಯಾದ ‘ಕ್ರೈಸಿಸ್’ ಕ್ರಾಸ್‌ಓವರ್ ಆಗಬೇಕಿತ್ತು. ಬೀಜ ಹಾಕಿದ್ದು ನಿಜ, ಬೆಳೆ ಯಾವಾಗ ಅಂತ ನಿರ್ಧರಿಸಿದ್ದು ವೇಳಾಪಟ್ಟಿ.

ಸಿನಿಮಾ ಮಾಡುವಾಗ ಗಸ್ಟಿನ್ ಅವರನ್ನೇ ಯಾಕೆ ಹಾಕಿಕೊಳ್ಳಲಿಲ್ಲ?

ವಾರ್ನರ್‌ನ ಸಿನಿಮಾ ವಿಭಾಗವೂ ಟಿವಿ ವಿಭಾಗವೂ ಬೇರೆ ಬೇರೆ ದಾರಿ ಹಿಡಿದಿದ್ದವು. ಸರಣಿ ಶುರುವಾಗಿ ಇನ್ನೂ ಎರಡು ವಾರ ಕೂಡ ಆಗಿರಲಿಲ್ಲ, 2014ರ ಅಕ್ಟೋಬರ್ 15ಕ್ಕೆ ಎಜ್ರಾ ಮಿಲ್ಲರ್ ನಾಯಕರಾಗಿ ಫ್ಲ್ಯಾಷ್ ಸಿನಿಮಾ ಘೋಷಣೆ ಆಯಿತು. ಮೊದಲ ಎಪಿಸೋಡನ್ನು 48.3 ಲಕ್ಷ ಜನ ನೋಡಿದ್ದರು, 2009ರಿಂದ ಈಚೆಗೆ ಆ ಚಾನೆಲ್‌ಗೆ ಅಷ್ಟು ದೊಡ್ಡ ಆರಂಭ ಸಿಕ್ಕಿರಲಿಲ್ಲ. ಇಂಥ ಹೊತ್ತಲ್ಲಿ ಆ ಘೋಷಣೆ ಬೇಕಿತ್ತಾ ಅಂತ ಈಗಲೂ ಅನಿಸುತ್ತದೆ. 2020ರ ಜನವರಿಯಲ್ಲಿ ಕ್ರಾಸ್‌ಓವರ್ ಒಳಗೆ ಇಬ್ಬರು ಬ್ಯಾರಿಗಳೂ ಒಂದು ನಿಮಿಷ ಎದುರುಬದುರಾದರು. ಸಿನಿಮಾ ಬಂದದ್ದು 2023ರ ಜೂನ್‌ನಲ್ಲಿ, ಸರಣಿ ಮುಗಿದ ಮುಂದಿನ ತಿಂಗಳು.

ನಡುವೆ ಕಥೆಯ ಧಾಟಿಯೇ ಬದಲಾಯ್ತು. ಬರೆಯುವವರು ಬದಲಾದ್ರಾ?

ಬದಲಾದರು. 2017ರ ನವೆಂಬರ್‌ನಲ್ಲಿ ಲೈಂಗಿಕ ಕಿರುಕುಳದ ಆರೋಪಗಳು ಬಂದ ಮೇಲೆ ಕ್ರೈಸ್‌ಬರ್ಗ್ ಅವರನ್ನು ವಾರ್ನರ್ ಬ್ರದರ್ಸ್ ಕೆಲಸದಿಂದ ತೆಗೆಯಿತು. ಅವರು ಆರೋಪಗಳನ್ನು ಒಪ್ಪಲಿಲ್ಲ. ಟಾಡ್ ಹೆಲ್ಬಿಂಗ್ ಹೊಣೆ ಹೊತ್ತರು. 6ನೇ ಸೀಸನ್‌ನಿಂದ ಕೊನೆವರೆಗೆ ಎರಿಕ್ ವಾಲೆಸ್. ವಾಲೆಸ್ ಒಂದು ಸೀಸನ್ನನ್ನು ಒಂದೇ ವಿಲನ್‌ಗೆ ಎಳೆಯುವ ಬದಲು ಚಿಕ್ಕ ಚಿಕ್ಕ ಅಧ್ಯಾಯಗಳಾಗಿ ಒಡೆದರು. ಒಳ್ಳೇ ಯೋಚನೆ. ಆದರೆ 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಶೂಟಿಂಗ್ ನಿಂತು, 22 ಆಗಬೇಕಿದ್ದ 6ನೇ ಸೀಸನ್ 19ಕ್ಕೇ ಮುಗಿಯಿತು. ಅರ್ಧಕ್ಕೆ ನಿಂತ ಆ ಕಥೆ ಮುಂದಿನ ವರ್ಷದ ಮೊದಲ ಎಪಿಸೋಡ್‌ಗಳಿಗೆ ಹರಿಯಿತು.

ಜನ ನೋಡ್ತಾ ಇದ್ರೂ ಯಾಕೆ ನಿಲ್ಲಿಸಿದ್ರು?

ಮೊದಲಿನಷ್ಟು ಜನ ನೋಡುತ್ತಿರಲಿಲ್ಲ. ಅದಕ್ಕಿಂತ ಮುಖ್ಯ, ಲೆಕ್ಕವೇ ಬದಲಾಗಿತ್ತು. ದಿ ಸಿಡಬ್ಲ್ಯೂ ಮಾಲೀಕರಾದ ಸಿಬಿಎಸ್ ಮತ್ತು ವಾರ್ನರ್ ತಮ್ಮ ಸರಣಿಗಳನ್ನೇ ಅಲ್ಲಿ ಪ್ರಸಾರ ಮಾಡಿ, ಆಮೇಲೆ ನೆಟ್‌ಫ್ಲಿಕ್ಸ್‌ಗೂ ಹೊರದೇಶಗಳಿಗೂ ಮಾರಿ ದುಡ್ಡು ಮಾಡುತ್ತಿದ್ದರು. ಚಾನೆಲ್ ಲಾಭ ಮಾಡದಿದ್ದರೂ ನಡೆಯುತ್ತಿತ್ತು. 2019ರಲ್ಲಿ ಹೊಸ ಸರಣಿಗಳಿಗೆ ನೆಟ್‌ಫ್ಲಿಕ್ಸ್ ಒಪ್ಪಂದ ಮುಂದುವರಿಯಲಿಲ್ಲ. 2022ರ ಅಕ್ಟೋಬರ್‌ನಲ್ಲಿ ನೆಕ್ಸ್‌ಸ್ಟಾರ್ ಕಂಪನಿ ಚಾನೆಲ್‌ನ ಶೇ. 75 ಪಾಲು ಕೊಂಡಿತು. ಚಾನೆಲ್ಲೇ ಲಾಭ ಮಾಡಬೇಕು ಅನ್ನೋರಿಗೆ ಇಷ್ಟು ಗ್ರಾಫಿಕ್ಸ್ ಇರುವ ಸರಣಿ ಭಾರ. ಕೊನೆಯ ಸೀಸನ್‌ಗೆ ಸಿಕ್ಕಿದ್ದು 13 ಎಪಿಸೋಡ್.

ಪೂರ್ತಿ ನೋಡಲು ಟೈಮ್ ಇಲ್ಲ. ಸರಣಿ ಹುಟ್ಟಿದ ಬಗೆ ಗೊತ್ತಾಗಲು ಯಾವುದನ್ನು ನೋಡಲಿ?

‘ಆ್ಯರೋ’ ಎರಡನೇ ಸೀಸನ್‌ನ 8 ಮತ್ತು 9, ಆಮೇಲೆ 19, ಆಮೇಲೆ ನೇರ ‘ದಿ ಫ್ಲ್ಯಾಷ್’ ಮೊದಲ ಎಪಿಸೋಡ್. ಕೊನೆಯದರಲ್ಲಿ ಆಲಿವರ್ ಒಂದು ಮಾಳಿಗೆ ಮೇಲೆ ಬ್ಯಾರಿಗೆ ಧೈರ್ಯ ಹೇಳುವ ದೃಶ್ಯ ಇದೆ. ಅದಾದ ಮೇಲೆ ಮೊದಲ ಸೀಸನ್‌ನ 8ನೇ ಎಪಿಸೋಡ್ ಮತ್ತು ಅದರ ಜೋಡಿಯಾದ ‘ಆ್ಯರೋ’ ಮೂರನೇ ಸೀಸನ್‌ನ 8ನೆಯದು. ಒಟ್ಟು ಆರು ಎಪಿಸೋಡ್, ಒಂದು ಭಾನುವಾರ ಸಾಕು.